ಈ ಎಣ್ಣೆ ಅಸಲೀನಾ? ಸೋಪು ಮಾಡುವವಳ ಹುಡುಕಾಟ

ಹತ್ತು ಎಂಎಲ್ ಮಲ್ಲಿಗೆ ಎಣ್ಣೆಗೆ 250 ರೂಪಾಯಿ ಅಂತ ಯಾರಾದರೂ ಹೇಳಿದರೆ ನಾನು ಚೌಕಾಸಿಗೆ ಇಳಿಯುವುದಿಲ್ಲ. ನಮಸ್ಕಾರ ಹೇಳಿ ಹೊರಡುತ್ತೇನೆ. ಮಲ್ಲಿಗೆಯನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಆ ಬಿಸಿಗೆ ಅದರ ಪರಿಮಳವೇ ಕೆಡುತ್ತದೆ. ಹಾಗಾಗಿ ಹೂವನ್ನು ಹೆಕ್ಸೇನ್‌ನಂಥ ದ್ರಾವಕದಲ್ಲಿ ನೆನೆಸಿ ಮೊದಲು ಮೇಣದಂಥ ‘ಕಾಂಕ್ರೀಟ್’ ತೆಗೆಯುತ್ತಾರೆ. ಅದನ್ನು ಆಲ್ಕೋಹಾಲಿನಲ್ಲಿ ತೊಳೆದರೆ ಬರುವುದು ‘ಆಬ್ಸಲ್ಯೂಟ್’. ತಮಿಳುನಾಡಿನ ಕೊಯಮತ್ತೂರು, ಸತ್ಯಮಂಗಲದ ಕಡೆ ಈ ಕೆಲಸ ನಡೆಯುತ್ತದೆ. ಒಂದು ಕೆಜಿ ಆಬ್ಸಲ್ಯೂಟ್‌ಗೆ ನೂರಾರು ಕೆಜಿ ಹೂವು ಬೇಕು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಂದು ಮೊಳ ಹೂವಿಗೆ ರೇಟು ಕೇಳಿದವರಿಗೆ ಉಳಿದ ಲೆಕ್ಕ ನಾನು ಹೇಳಬೇಕಿಲ್ಲ.

ಮೈಸೂರಿನಲ್ಲಿ ನನ್ನದೊಂದು ಸಣ್ಣ ಸೋಪು ಘಟಕ ಇದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಕಾಸ್ಟಿಕ್ ಸೋಡಾ ಇವಕ್ಕೆಲ್ಲ ಗೊತ್ತಿರುವ ಅಂಗಡಿಗಳಿವೆ. ತಲೆನೋವು ಕೊಡುವುದು ಸುಗಂಧ ತೈಲ, ಅಂದರೆ ಎಲ್ಲರೂ ಎಸೆನ್ಷಿಯಲ್ ಆಯಿಲ್ ಅನ್ನುವುದು. ಸೋಪಿನಲ್ಲಿ ಅದರ ಪಾಲು ನೂರಕ್ಕೆ ಎರಡು-ಮೂರು ಅಷ್ಟೇ. ಖರ್ಚಿನಲ್ಲಿ ಮಾತ್ರ ಅದೇ ಮುಂದೆ. ಜನ ಸೋಪನ್ನು ಕೈಗೆತ್ತಿಕೊಂಡು ಮೊದಲು ಮೂಗಿಗೆ ಹಿಡಿಯುತ್ತಾರೆ, ಆಮೇಲೆ ಬೆಲೆ ನೋಡುತ್ತಾರೆ.

ಒಮ್ಮೆ ಕಾಯಂ ಗಿರಾಕಿಯೊಬ್ಬರು ಫೋನ್ ಮಾಡಿದರು. ಮಗಳ ಕೈಮೇಲೆ ತುರಿಕೆ, ಗುಳ್ಳೆ. ಬಳಸುವ ಸೋಪು, ಕ್ರೀಮು ಎಲ್ಲದರಲ್ಲೂ ಏನೇನಿದೆ ಅಂತ ಪಟ್ಟಿ ತರಲು ಚರ್ಮದ ಡಾಕ್ಟರು ಹೇಳಿದ್ದರಂತೆ. "ನಿಮ್ಮ ಲ್ಯಾವೆಂಡರ್ ಸೋಪಲ್ಲಿ ಇರೋದು ಲ್ಯಾವೆಂಡರ್ ಎಣ್ಣೆ ಮಾತ್ರಾನಾ ಮೇಡಂ?" ಅಂತ ಕೇಳಿದರು. ಮಗುವಿಗೆ ಅಲರ್ಜಿ ಆಗಿದ್ದು ಬೇರೆ ಯಾವುದರಿಂದಲೋ ಅಂತ ಆಮೇಲೆ ಗೊತ್ತಾಯಿತು. ಆದರೆ ಆ ಪ್ರಶ್ನೆಗೆ ಬಾಟಲಿ ಮೇಲಿನ ಚೀಟಿ ನೋಡಿಕೊಂಡು ಉತ್ತರ ಕೊಡುವುದು ನನಗೆ ಸರಿ ಕಾಣಲಿಲ್ಲ. ಅಲ್ಲಿಂದ ಶುರುವಾಯಿತು ಈ ಹುಡುಕಾಟ.

ಮಾರುಕಟ್ಟೆಯಿಂದ, ಆನ್‌ಲೈನಿನಿಂದ, ಬೆಂಗಳೂರಿನ ಪೇಟೆ ಬೀದಿಗಳಿಂದ ಸಣ್ಣ ಸಣ್ಣ ಬಾಟಲಿ ತರಿಸಿಕೊಂಡು ಟೇಬಲ್ ಮೇಲೆ ಸಾಲಾಗಿ ಇಟ್ಟೆ. ಮೊದಲು ಮುಚ್ಚಳ ತೆಗೆಯದೆ ಬರೀ ಚೀಟಿ ಓದಿದೆ. ಅರ್ಧಕ್ಕರ್ಧ ಬಾಟಲಿ ಅಲ್ಲೇ ಆಟದಿಂದ ಹೊರಗೆ.

‘ಲ್ಯಾವೆಂಡರ್’ ಅಂದರೆ ಯಾವ ಲ್ಯಾವೆಂಡರ್? ಲವಾಂಡುಲಾ ಅಂಗುಸ್ಟಿಫೋಲಿಯಾ ಅನ್ನುವುದು ಮೆದು ಪರಿಮಳದ ಅಸಲಿ ಗಿಡ. ಲವಾಂಡುಲಾ ಇಂಟರ್ಮೀಡಿಯಾ ಅಂದರೆ ಲ್ಯಾವೆಂಡಿನ್, ಅದು ಮಿಶ್ರತಳಿ. ಎಣ್ಣೆ ಜಾಸ್ತಿ ಕೊಡುತ್ತದೆ, ಅಗ್ಗ, ಕರ್ಪೂರದ ಘಾಟು ಮೂಗಿಗೆ ಹೊಡೆಯುತ್ತದೆ. ಸೋಪಿಗೆ ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಅದರ ಹೆಸರು ಹೇಳಿ ಅದರ ಬೆಲೆಗೇ ಕೊಡಬೇಕು. ಚಕ್ಕೆ ಎಣ್ಣೆಯದೂ ಇದೇ ಕಥೆ. ತೊಗಟೆಯಿಂದ ತೆಗೆದದ್ದರಲ್ಲಿ ಸಿನಮಾಲ್ಡಿಹೈಡ್ ಮುಖ್ಯ. ಎಲೆಯಿಂದ ತೆಗೆದದ್ದರಲ್ಲಿ ಲವಂಗದಲ್ಲಿರುವ ಯೂಜಿನಾಲ್ ಮುಖ್ಯ. ಗಿಡ ಒಂದೇ, ಎಣ್ಣೆ ಬೇರೆ. ತೊಗಟೆ ಎಣ್ಣೆ ಚರ್ಮವನ್ನು ಸುಡುವಂಥದ್ದು, ಸೋಪಿಗೆ ನಾನು ಮುಟ್ಟುವುದೇ ಇಲ್ಲ. ಬಾಟಲಿ ಮೇಲೆ ಬರೀ ‘ಸಿನಮನ್ ಆಯಿಲ್’ ಅಂತ ಇದ್ದರೆ ನನಗೆ ಅದರಿಂದ ಏನೂ ತಿಳಿಯದು.

ಗಂಧದ ಎಣ್ಣೆ ವಿಷಯದಲ್ಲಂತೂ ಹೆಸರಿನಲ್ಲೇ ದೊಡ್ಡ ಆಟ ನಡೆಯುತ್ತದೆ. ನಮ್ಮ ಶ್ರೀಗಂಧ ಸಂಟಾಲಮ್ ಆಲ್ಬಮ್. ಆಸ್ಟ್ರೇಲಿಯಾದಲ್ಲಿ ಸಂಟಾಲಮ್ ಸ್ಪಿಕೇಟಮ್ ಅನ್ನುವ ಇನ್ನೊಂದು ಜಾತಿ ಇದೆ, ಅದರಲ್ಲಿ ಗಂಧದ ಪರಿಮಳ ಕೊಡುವ ಸ್ಯಾಂಟಲಾಲ್ ಕಡಿಮೆ. ‘ವೆಸ್ಟ್ ಇಂಡಿಯನ್ ಸ್ಯಾಂಡಲ್‌ವುಡ್’ ಅಂತ ಮಾರುವುದು ಹೈಟಿ ಕಡೆಯ ಅಮೈರಿಸ್ ಮರದ ಎಣ್ಣೆ. ಅದಕ್ಕೂ ಗಂಧಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ.

ಚೀಟಿಯಲ್ಲಿ ನಾನು ಹುಡುಕಿದ್ದು ಇಷ್ಟು: ಗಿಡದ ಶಾಸ್ತ್ರೀಯ ಹೆಸರು, ಗಿಡದ ಯಾವ ಭಾಗ, ಯಾವ ದೇಶದ್ದು, ಹೇಗೆ ತೆಗೆದದ್ದು, ಬ್ಯಾಚ್ ನಂಬರ್, ತಾರೀಖು. ಇವು ಇಲ್ಲದ ಬಾಟಲಿಗಳ ಮೇಲೆ ಬೇರೆ ಮಾತುಗಳು ಧಾರಾಳವಾಗಿದ್ದವು. ‘ನೂರಕ್ಕೆ ನೂರು ಶುದ್ಧ’, ‘ಥೆರಪ್ಯೂಟಿಕ್ ಗ್ರೇಡ್’ ಇತ್ಯಾದಿ. ಈ ಥೆರಪ್ಯೂಟಿಕ್ ಗ್ರೇಡ್ ಅನ್ನುವ ದರ್ಜೆಯನ್ನು ಯಾವ ಸರ್ಕಾರವೂ, ಯಾವ ಮಾನಕ ಸಂಸ್ಥೆಯೂ ಕೊಡುವುದಿಲ್ಲ. ಮಾರುವವರೇ ತಮಗೆ ತಾವೇ ಕೊಟ್ಟುಕೊಂಡ ಬಿರುದು ಅದು.

ಇನ್ನು ಮನೆಯಲ್ಲೇ ಮಾಡುವ ಪರೀಕ್ಷೆಗಳು. ಎಲ್ಲರಿಗೂ ಗೊತ್ತಿರುವುದು ಕಾಗದದ ಮೇಲೆ ಒಂದು ಹನಿ ಬಿಡುವುದು. ಹಾರಿಹೋದರೆ ಅಸಲಿ, ಜಿಡ್ಡು ಉಳಿದರೆ ಅಡುಗೆ ಎಣ್ಣೆ ಬೆರೆಸಿದ್ದಾರೆ ಅಂತ. ನೀಲಗಿರಿ, ಮಜ್ಜಿಗೆ ಹುಲ್ಲು, ಲ್ಯಾವೆಂಡರ್ ಇವಕ್ಕೆ ಇದು ನಡೆಯುತ್ತದೆ. ತಿಳಿ ಹಳದಿ ಕಲೆ ಉಳಿಯಬಹುದು, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಹೊಳೆಯುವ ಜಿಡ್ಡು ಉಳಿಯಬಾರದು. ಆದರೆ ಲಾವಂಚ, ಗಂಧ, ಪಚೋಲಿ ಇವು ಸ್ವಭಾವದಲ್ಲೇ ಮಂದ ಎಣ್ಣೆಗಳು. ಒಳ್ಳೆ ಲಾವಂಚದ ಎಣ್ಣೆ ಕಾಗದದ ಮೇಲೆ ದಿನಗಟ್ಟಲೆ ಕೂತಿರುತ್ತದೆ. ಈ ಪರೀಕ್ಷೆ ನಂಬಿಕೊಂಡರೆ ಅಸಲಿ ಲಾವಂಚವನ್ನು ಬಿಸಾಕಿ, ಅಗ್ಗದ ದ್ರಾವಕ ಬೆರೆಸಿದ್ದನ್ನು ಮನೆಗೆ ತರುತ್ತೀರಿ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ತಕ್ಕಡಿ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಸೋಪಿನ ಕೆಲಸಕ್ಕೆ ಅಂತ ಇಟ್ಟಿದ್ದೆ. ಸೂಜಿಯಿಲ್ಲದ ಸಿರಿಂಜಿನಲ್ಲಿ ಸರಿಯಾಗಿ 10 ಎಂಎಲ್ ಎಳೆದು, ಗುಳ್ಳೆ ಇಲ್ಲದಂತೆ ನೋಡಿಕೊಂಡು, ಸಣ್ಣ ಗಾಜಿನ ಬಟ್ಟಲಿಗೆ ಬಿಟ್ಟು ತೂಗುವುದು. ಅಸಲಿ ಲ್ಯಾವೆಂಡರ್ ಎಣ್ಣೆ ನೀರಿಗಿಂತ ಹಗುರ. 10 ಎಂಎಲ್‌ಗೆ 8.8 ಗ್ರಾಂ ಆಸುಪಾಸು ಬರಬೇಕು. ಮಜ್ಜಿಗೆ ಹುಲ್ಲಿನದೂ 9 ಗ್ರಾಂ ಒಳಗೇ. ಒಂದು ಬಾಟಲಿ ಲ್ಯಾವೆಂಡರ್ 9.9 ತೋರಿಸಿತು. ಬಟ್ಟಲು ಒರೆಸಿ, ಸೊನ್ನೆಗೆ ತಂದು ಮತ್ತೆ ತೂಗಿದೆ. ಮತ್ತೆ ಅಷ್ಟೇ. ಅಡುಗೆ ಎಣ್ಣೆ ಬೆರೆಸಿದರೂ ಇಷ್ಟು ಭಾರ ಬರುವುದಿಲ್ಲ, ಯಾಕೆಂದರೆ ಅದೇ 9.2 ಗ್ರಾಂ. ಇಷ್ಟು ಏರಿದೆ ಅಂದರೆ ನೀರಿಗಿಂತ ಭಾರದ ಏನೋ ಒಳಗೆ ಸೇರಿದೆ. ಈ ಧಂದೆಯಲ್ಲಿ ಅಂಥದ್ದಕ್ಕೆ ಬಳಸುವುದು ಡೈಈಥೈಲ್ ಥ್ಯಾಲೇಟ್, ಬಾಯಿಮಾತಿನಲ್ಲಿ ಡಿಇಪಿ. ಅದು 10 ಎಂಎಲ್‌ಗೆ 11.2 ಗ್ರಾಂ ತೂಗುತ್ತದೆ. ಬಣ್ಣವಿಲ್ಲ, ವಾಸನೆ ಇಲ್ಲ ಅನ್ನುವಷ್ಟು ಕಡಿಮೆ, ಬೆಲೆಯೂ ಕಡಿಮೆ. ಊದುಬತ್ತಿ ಉದ್ಯಮದವರಿಗೆ ಚಿರಪರಿಚಿತ ವಸ್ತು.

ಇನ್ನೊಂದು ಪರೀಕ್ಷೆಗೆ ಉದ್ದನೆಯ ಅಳತೆ ಕೊಳವೆ ಬೇಕು. ಅರ್ಧ ನೀರು, ಅರ್ಧ ಎಣ್ಣೆ ಹಾಕಿ ಅಲ್ಲಾಡಿಸಿ ಬಿಡಬೇಕು. ಸ್ವಲ್ಪ ಹೊತ್ತಿಗೆ ಎರಡೂ ಬೇರೆಯಾಗುತ್ತವೆ. ಎಣ್ಣೆಯ ಪದರ ಮೊದಲಿಗಿಂತ ಕಡಿಮೆಯಾಗಿದ್ದರೆ ನೀರಿನಲ್ಲಿ ಕರಗುವ ಏನೋ ಅದರಲ್ಲಿತ್ತು ಅಂತ ಅರ್ಥ, ಸಾಮಾನ್ಯವಾಗಿ ಆಲ್ಕೋಹಾಲ್ ಅಥವಾ ಗ್ಲೈಕಾಲ್. ಆದರೆ ಲವಂಗ, ಚಕ್ಕೆ ತೊಗಟೆ, ವಿಂಟರ್‌ಗ್ರೀನ್ ಎಣ್ಣೆಗಳು ನೀರಿಗಿಂತ ಭಾರ, ತಳಕ್ಕೆ ಕೂರುತ್ತವೆ. ಮುಳುಗಿತು ಅಂತ ಗಾಬರಿ ಬೇಡ.

ಸೋಪಿನ ಪಾತ್ರೆಯಲ್ಲಿ ಎಣ್ಣೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಮಾತ್ರ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಅಪ್ಪಟ ಲವಂಗದ ಎಣ್ಣೆ ಹಾಕಿದರೂ ಸೋಪು ಅಚ್ಚಿಗೆ ಸುರಿಯುವ ಮೊದಲೇ ಗಟ್ಟಿಯಾಗುತ್ತದೆ. ಅದು ಯೂಜಿನಾಲ್‌ನ ಗುಣ, ಕಲಬೆರಕೆಯದ್ದಲ್ಲ.

ಮೂಗಿನ ವಿಷಯಕ್ಕೆ ಬರೋಣ. ಬಾಟಲಿ ಮುಚ್ಚಳ ತೆಗೆದು ನೇರವಾಗಿ ಮೂಸಿದರೆ ಏನೂ ತಿಳಿಯುವುದಿಲ್ಲ. ಮೊದಲು ಹಾರುವ ಅಂಶಗಳು ಮೂಗನ್ನು ತುಂಬಿಬಿಡುತ್ತವೆ. ದಪ್ಪ ಕಾಗದದ ಪಟ್ಟಿಗಳನ್ನು ಕತ್ತರಿಸಿ, ತುದಿ ಅದ್ದಿ, ಮೇಲೆ ಪೆನ್ಸಿಲಿನಲ್ಲಿ ಹೆಸರು ಮತ್ತು ಹೊತ್ತು ಬರೆದು, ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕುತ್ತೇನೆ. ಹತ್ತು ನಿಮಿಷಕ್ಕೊಮ್ಮೆ, ಗಂಟೆಗೊಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ. ಅಸಲಿ ಎಣ್ಣೆ ಹೊತ್ತು ಹೋದಂತೆ ಬೇರೆ ಬೇರೆ ಮುಖ ತೋರಿಸುತ್ತದೆ. ಲಾವಂಚ ಮೊದಲು ಹಸಿ ಮಣ್ಣು, ಸ್ವಲ್ಪ ಹೊಗೆ. ಮರುದಿನಕ್ಕೆ ಅದೇ ಪಟ್ಟಿ ಸಿಹಿಯಾಗಿ, ಮರದ ಹಾಗೆ ಇರುತ್ತದೆ. ಕೃತಕ ಪರಿಮಳ ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ, ಇಲ್ಲವೇ ಇದ್ದಕ್ಕಿದ್ದಂತೆ ಮಾಯ. ಆದರೆ ಮೂಗಿಗೆ ಹೋಲಿಸಲು ಒಂದು ಖಾತ್ರಿ ಮಾದರಿ ಪಕ್ಕದಲ್ಲಿ ಇರಲೇಬೇಕು. ನೆನಪಿನ ಮೇಲೆ ಮೂಸುವುದು ಬರೀ ಊಹೆ.

ಇದರಾಚೆಗೆ ಹೋಗಬೇಕಾದರೆ ಜಿಸಿ-ಎಂಎಸ್ ರಿಪೋರ್ಟ್ ಬೇಕು, ಅಂದರೆ ಗ್ಯಾಸ್ ಕ್ರೊಮಟಾಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ. ಎಣ್ಣೆಯನ್ನು ಆವಿಯಾಗಿಸಿ ಉದ್ದನೆಯ ಕೂದಲೆಳೆಯಂಥ ಕೊಳವೆಯಲ್ಲಿ ಓಡಿಸುತ್ತಾರೆ. ಒಂದೊಂದು ಅಂಶ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ, ಪ್ರತಿಯೊಂದಕ್ಕೂ ಗ್ರಾಫಿನಲ್ಲಿ ಒಂದು ಶಿಖರ. ಯಾವುದು ಶೇಕಡ ಎಷ್ಟು ಅಂತ ಪಟ್ಟಿ ಕೊಡುತ್ತಾರೆ.

ನೋಡಲು ಹೆದರಿಕೆ ಆಗುತ್ತದೆ, ಆದರೆ ಓದುವುದು ಅಂಥ ಕಷ್ಟವಿಲ್ಲ. ಪ್ರತಿ ಎಣ್ಣೆಗೆ ಎರಡು-ಮೂರು ಮುಖ್ಯ ಹೆಸರು ಗೊತ್ತಿದ್ದರೆ ಸಾಕು. ಮಜ್ಜಿಗೆ ಹುಲ್ಲಿಗೆ ಸಿಟ್ರಾಲ್, ಅದು ಜಿರೇನಿಯಲ್ ಮತ್ತು ನೆರಲ್ ಅಂತ ಎರಡು ಶಿಖರವಾಗಿ ಕಾಣುತ್ತದೆ, ಎರಡೂ ಸೇರಿ 70ರಿಂದ 80ರಷ್ಟು. ಸಿಟ್ರಾಲ್ 95 ಅಂತ ಇದ್ದರೆ ಖುಷಿಪಡಬೇಡಿ, ಹುಲ್ಲು ಅಷ್ಟು ಕೊಡುವುದಿಲ್ಲ, ಯಾರೋ ಹೊರಗಿನಿಂದ ಸಿಟ್ರಾಲ್ ಸುರಿದಿದ್ದಾರೆ. ಲ್ಯಾವೆಂಡರ್‌ಗೆ ಲಿನಲೂಲ್ ಮತ್ತು ಲಿನಲೈಲ್ ಅಸಿಟೇಟ್. ಫ್ರೆಂಚ್ ಲ್ಯಾವೆಂಡರ್‌ಗೆ ಐಎಸ್‌ಒ ಮಾನಕ ಲಿನಲೂಲ್ 25ರಿಂದ 38, ಲಿನಲೈಲ್ ಅಸಿಟೇಟ್ 25ರಿಂದ 45 ಅನ್ನುತ್ತದೆ. ಕರ್ಪೂರದ ಅಂಶ ಐದಾರು ಶೇಕಡ ಇದ್ದರೆ ಅದು ಲ್ಯಾವೆಂಡಿನ್. ಪಟ್ಟಿಯ ಕೆಳಗೆ ಚಿಕ್ಕದಾಗಿ ‘ಡೈಹೈಡ್ರೋ ಲಿನಲೂಲ್’ ಕಂಡರೆ ಕಾರ್ಖಾನೆಯಲ್ಲಿ ಮಾಡಿದ ಲಿನಲೂಲ್ ಸೇರಿಸಿದ್ದಾರೆ ಅಂತ ಅನುಮಾನಪಡಬೇಕು. ಕೃತಕ ಲಿನಲೂಲ್ ತಯಾರಾಗುವಾಗ ಜೊತೆಗೆ ಬರುವ ಕಸ ಅದು.

ರಿಪೋರ್ಟ್ ಕೇಳಿದಾಗ ಹೆಚ್ಚಿನವರು ತಕ್ಷಣ ಕಳಿಸಿದರು. ಎರಡು ಬೇರೆ ಬೇರೆ ಮಾರಾಟಗಾರರಿಂದ ಬಂದ ನೀಲಗಿರಿ ಎಣ್ಣೆಯ ರಿಪೋರ್ಟನ್ನು ಪಕ್ಕಪಕ್ಕ ತೆರೆದು ನೋಡಿದೆ. ನೀಲಗಿರಿಯಲ್ಲಿ ಮುಖ್ಯವಾದ ಸಿನಿಯೋಲ್ ಅಂಶ ದಶಮಾಂಶದ ಕೊನೆಯ ಅಂಕಿವರೆಗೂ ಒಂದೇ. ಉಳಿದ ಅಂಕಿಗಳೂ ಒಂದೇ. ಗ್ರಾಫಿನ ಮೂಲೆಯಲ್ಲಿದ್ದ ಮಸಿ ಚುಕ್ಕೆಯೂ ಒಂದೇ! ಮೇಲಿನ ಕಂಪನಿ ಹೆಸರು ಮಾತ್ರ ಬೇರೆ. ಇನ್ನೊಬ್ಬರದ್ದರಲ್ಲಿ ಬ್ಯಾಚ್ ನಂಬರ್ ಜಾಗ ಖಾಲಿ. ಕೇಳಿದ್ದಕ್ಕೆ "ಎಲ್ಲಾ ಬ್ಯಾಚಿಗೂ ಸೇಮ್ ರಿಪೋರ್ಟೇ ಮೇಡಂ, ನಮ್ದು ಕ್ವಾಲಿಟಿ ಚೇಂಜ್ ಆಗಲ್ಲ" ಅಂದರು. ಹೊಲದಲ್ಲಿ ಬೆಳೆಯುವ ವಸ್ತು ಮಳೆಗೂ ಬಿಸಿಲಿಗೂ ಬದಲಾಗದೆ ಇರುತ್ತದಾ?

ಈ ರಿಪೋರ್ಟಿಗೂ ಒಂದು ಕುರುಡು ಜಾಗ ಇದೆ. ಇದನ್ನು ನನಗೆ ಹೇಳಿದ್ದು ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳತಿ. ಅಡುಗೆ ಎಣ್ಣೆ ಸುಲಭವಾಗಿ ಆವಿಯಾಗುವುದಿಲ್ಲ. ಅದು ಯಂತ್ರದ ಬಾಯಲ್ಲೇ ಉಳಿದುಬಿಡುತ್ತದೆ, ಗ್ರಾಫಿಗೆ ಬರುವುದೇ ಇಲ್ಲ. ಆವಿಯಾಗಿ ಹೊರಬಂದಷ್ಟನ್ನೇ ನೂರು ಅಂತ ಹಿಡಿದು ಶೇಕಡ ಹಾಕುತ್ತಾರೆ. ಅಂದರೆ ಅರ್ಧ ಲ್ಯಾವೆಂಡರ್, ಅರ್ಧ ಸೂರ್ಯಕಾಂತಿ ಎಣ್ಣೆ ಇರುವ ಬಾಟಲಿಗೂ ಚೆಂದದ ರಿಪೋರ್ಟ್ ಬರಬಹುದು. ಅಲ್ಲಿ ಹಿಡಿಯುವುದು ಕಾಗದದ ಮೇಲೆ ಹನಿ ಬಿಡುವ ನಮ್ಮ ಆ ಪರೀಕ್ಷೆಯೇ. ಇದು ಕೇಳಿದ ಮೇಲೆ ನನಗೆ ಸಮಾಧಾನವಾಯಿತು, ಸುಳ್ಳು ಹೇಳುವುದೇಕೆ. ಲಕ್ಷಾಂತರ ರೂಪಾಯಿ ಯಂತ್ರಕ್ಕೆ ಕಾಣದ್ದು ಎರಡು ರೂಪಾಯಿ ಕಾಗದಕ್ಕೆ ಕಾಣುತ್ತದೆ.

ಜಾಸ್ತಿ ದುಡ್ಡು ಹಾಕುವ ಎಣ್ಣೆಗಳನ್ನು ನಾನೇ ಹೊರಗೆ ಪರೀಕ್ಷೆಗೆ ಕೊಟ್ಟೆ. ಉತ್ತರ ಪ್ರದೇಶದ ಕನ್ನೌಜಿನಲ್ಲಿರುವ ಕೇಂದ್ರ ಸರ್ಕಾರದ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರ, ಅಂದರೆ ಎಫ್‌ಎಫ್‌ಡಿಸಿಯಂಥ ಸಂಸ್ಥೆಗಳೂ, ಕೆಲವು ಖಾಸಗಿ ಪ್ರಯೋಗಾಲಯಗಳೂ ಹಣ ಕಟ್ಟಿದರೆ ಮಾದರಿ ಪರೀಕ್ಷೆ ಮಾಡಿಕೊಡುತ್ತವೆ. ಸಣ್ಣ ಘಟಕಕ್ಕೆ ಪ್ರತಿ ಬಾಟಲಿಗೂ ಇದು ಗಿಟ್ಟುವುದಿಲ್ಲ. ವರ್ಷಕ್ಕೊಮ್ಮೆ, ದುಬಾರಿ ಎಣ್ಣೆಗೆ ಮಾತ್ರ.

ಇಷ್ಟೆಲ್ಲ ಆದಮೇಲೆ ಎಣ್ಣೆ ಹುಟ್ಟುವ ಜಾಗ ಒಮ್ಮೆ ನೋಡಬೇಕು ಅನ್ನಿಸಿತು. ಪರಿಚಯದವರ ಮೂಲಕ ಎಚ್.ಡಿ. ಕೋಟೆ ಕಡೆಯ ರೈತರೊಬ್ಬರ ತೋಟಕ್ಕೆ ಹೋದೆ. ಮಜ್ಜಿಗೆ ಹುಲ್ಲು ಹಾಕಿ, ತಾವೇ ಬಟ್ಟಿ ಇಳಿಸುತ್ತಾರೆ. ಬೈಕ್ ಇಳಿಯುವ ಮೊದಲೇ ಗಾಳಿಯೆಲ್ಲ ನಿಂಬೆ ವಾಸನೆ.

ಹಿಂದಿನ ದಿನ ಕೊಯ್ದು ಬಾಡಲು ಬಿಟ್ಟಿದ್ದ ಹುಲ್ಲನ್ನು ದೊಡ್ಡ ಕಬ್ಬಿಣದ ಟ್ಯಾಂಕಿಗೆ ಹಾಕಿ ಇಬ್ಬರು ಒಳಗೆ ಇಳಿದು ಕಾಲಲ್ಲಿ ತುಳಿಯುತ್ತಿದ್ದರು. ಸಡಿಲ ಇದ್ದರೆ ಹಬೆ ಸಂದಿಯಲ್ಲಿ ನುಗ್ಗಿ ಮೇಲೆ ಹೋಗಿಬಿಡುತ್ತದೆ, ಎಣ್ಣೆ ಹುಲ್ಲಲ್ಲೇ ಉಳಿಯುತ್ತದೆ. ಮುಚ್ಚಳ ಬಿಗಿದು ಕೆಳಗೆ ಬೆಂಕಿ ಹಾಕಿದರು. ಉರುವಲು ಯಾವುದು ಅಂದುಕೊಂಡಿರಿ? ಹಿಂದಿನ ಸಲ ಎಣ್ಣೆ ತೆಗೆದು ಒಣಗಿಸಿದ ಅದೇ ಹುಲ್ಲು. ಹಬೆ ಕೊಳವೆಯಲ್ಲಿ ಹಾದು, ತಣ್ಣೀರಿನ ತೊಟ್ಟಿಯಲ್ಲಿ ಸುರುಳಿ ಸುತ್ತಿ, ಈಚೆ ತುದಿಯಲ್ಲಿ ಸ್ಟೀಲ್ ಪಾತ್ರೆಗೆ ದಾರದಂತೆ ಬೀಳಲು ಶುರುವಾಯಿತು. ಪಾತ್ರೆಯಲ್ಲಿ ಕೆಳಗೆ ನೀರು, ಮೇಲೆ ಬೆರಳು ದಪ್ಪದ ಹಳದಿ ಪದರ. ನೀರು ತಳದ ನಳಿಗೆಯಿಂದ ತಾನೇ ಹೊರಗೆ ಹೋಗುತ್ತದೆ, ಎಣ್ಣೆ ಮೇಲೆ ಉಳಿಯುತ್ತದೆ.

"ಒಂದು ಟನ್ ಹುಲ್ಲಿಗೆ ಐದಾರು ಕೆಜಿ ಬಂದ್ರೆ ಪುಣ್ಯ ಕಣಕ್ಕ. ಮಳೇಲಿ ಕೊಯ್ದ್ರೆ ಹುಲ್ಲೆಲ್ಲ ನೀರು, ಎಣ್ಣೆ ಇನ್ನೂ ಕಮ್ಮಿ" ಅಂದರು ಆ ಅಣ್ಣ. ಒಂದು ಲೋಟಕ್ಕೆ ತೆಗೆದು ತೋರಿಸಿದರು. ಸ್ವಲ್ಪ ಮಬ್ಬಾಗಿತ್ತು. ಎಣ್ಣೆಯಲ್ಲಿ ಇನ್ನೂ ನೀರಿನ ಅಂಶ ಇರುತ್ತದೆ, ಕೂರಲು ಬಿಟ್ಟರೆ ತಿಳಿಯಾಗುತ್ತದೆ. ವಾಸನೆಯೂ ನಾನು ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ. ಬೆಂದ ಸೊಪ್ಪಿನ ಒಗರು ಇತ್ತು. ಹೊಸ ಎಣ್ಣೆ ಹಾಗೇ ಇರುತ್ತದಂತೆ, ಕೆಲವು ವಾರ ಇಟ್ಟ ಮೇಲೆ ಒಗರು ಹೋಗುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಇಟ್ಟಿದ್ದ ಹಳೆಯದನ್ನೂ ತೋರಿಸಿದರು, ತುಕ್ಕಿಗೆ ಕೆಂಪಗಾಗಿತ್ತು. ಅದರಲ್ಲಿ ಕಲಬೆರಕೆ ಒಂದು ಹನಿ ಇಲ್ಲ. ಆದರೂ ನನ್ನ ಬಿಳಿ ಸೋಪಿಗೆ ಅದು ಆಗಿಬರುವುದಿಲ್ಲ. ಶುದ್ಧ ಇರುವುದು ಬೇರೆ, ಚೆನ್ನಾಗಿರುವುದು ಬೇರೆ.

"ನಿಮ್ಮಿಂದ ತಗೊಂಡು ಹೋದವರು ಇದನ್ನ ಹಾಗೇ ಮಾರ್ತಾರಾ ಅಣ್ಣ?" ಅಂತ ಕೇಳಿದೆ.

"ಡ್ರಮ್ಮಲ್ಲಿ ತುಂಬ್ಕೊಂಡು ಹೋಗ್ತಾರೆ. ಆಮೇಲಿಂದು ನಂಗೇನ್ ಗೊತ್ತಕ್ಕ. ಒಂದ್ ಸಲ ನಾನು ಕೊಟ್ಟ ರೇಟ್‌ಗಿಂತ ಕಮ್ಮಿಗೆ ಬೆಂಗಳೂರಲ್ಲಿ ಮಾರ್ತಾವ್ರೆ ಅಂತ ಕೇಳ್ದೆ. ಅದು ಹೆಂಗೆ ಅಂತ ನೀವೇ ಲೆಕ್ಕ ಹಾಕಿ."

ಮಜ್ಜಿಗೆ ಹುಲ್ಲಿನ ಎಣ್ಣೆ ಈಗ ಅವರಿಂದಲೇ ತರಿಸುತ್ತೇನೆ, ಸ್ಟೀಲ್ ಕ್ಯಾನಿನಲ್ಲಿ ಇಟ್ಟಿದ್ದು ಮಾತ್ರ. ಆದರೆ ರೈತರ ಹತ್ತಿರ ನೇರ ಕೊಂಡರೆ ಎಲ್ಲ ಸರಿಹೋಯಿತು ಅನ್ನುವ ಮಾತು ನನಗೆ ಅರ್ಧ ಮಾತ್ರ ಒಪ್ಪಿಗೆ. ಲ್ಯಾವೆಂಡರ್ ನಮ್ಮ ಕಡೆ ಬೆಳೆಯುವುದಿಲ್ಲ, ಜಮ್ಮುವಿನ ಭದರ್‌ವಾ ಕಡೆಯಿಂದಲೋ ಬಲ್ಗೇರಿಯಾದಿಂದಲೋ ಬರಬೇಕು. ನೀಲಗಿರಿ, ಲವಂಗ, ಪಚೋಲಿ, ಎಲ್ಲಕ್ಕೂ ಒಂದೊಂದು ಊರಿಗೆ ಓಡಲಾಗುತ್ತದಾ? ನಂಬಿಕಸ್ಥ ವ್ಯಾಪಾರಿ ಒಬ್ಬರು ಬೇಕೇ ಬೇಕು.

ಅವರನ್ನು ಹುಡುಕಿದ್ದು ಫೋನಿನಲ್ಲಿ. ಎಲ್ಲರಿಗೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ: "ಮಲ್ಲಿಗೆ ಎಸೆನ್ಷಿಯಲ್ ಆಯಿಲ್ ಇದೆಯಾ? ಕಮಲದ್ದು?" ಬಹಳ ಜನ ಇದೆ ಅಂದರು. ಎಷ್ಟು ಲೀಟರ್ ಬೇಕು ಅಂತಲೂ ಕೇಳಿದರು. ಒಬ್ಬರು ಮಾತ್ರ, ಊರು ಬೆಂಗಳೂರು, ದನಿಯಲ್ಲಿ ವಯಸ್ಸಾದವರು, ಸ್ವಲ್ಪ ಬೇಜಾರಿನಲ್ಲೇ ಹೇಳಿದರು: "ಮಲ್ಲಿಗೆ ಎಣ್ಣೆ ಅಂತ ಇರಲ್ಲ ಮೇಡಂ. ಆಬ್ಸಲ್ಯೂಟ್ ಇದೆ. ಏನಕ್ಕೆ ಬೇಕು? ಸೋಪಿಗಾ? ಬೇಡ ಬಿಡಿ. ಕಾಸ್ಟಿಕ್‌ಗೆ ಬಿದ್ರೆ ದುಡ್ಡೂ ಹೋಯ್ತು, ವಾಸನೆನೂ ಹೋಯ್ತು."

ನನ್ನ ಕಿವಿ ನೆಟ್ಟಗಾಯಿತು. ಮಾರಬಹುದಾಗಿದ್ದ ದುಬಾರಿ ಮಾಲನ್ನು ಬೇಡ ಅಂದವರು ಅವರೊಬ್ಬರೇ. ಅಂದಿನಿಂದ ನನ್ನ ಪ್ರಶ್ನೆಗಳೆಲ್ಲ ಅದೇ ಜಾತಿಯವು. ನಿಜ ಹೇಳಿದರೆ ಎದುರಿನವರಿಗೆ ವ್ಯಾಪಾರ ತಪ್ಪುವಂಥ ಪ್ರಶ್ನೆ ಕೇಳುವುದು. ಈ ಲ್ಯಾವೆಂಡರ್ ಕಾಶ್ಮೀರದ್ದಾ ಅಂತ ಆಸೆಯಿಂದ ಕೇಳಿದೆ. "ಅಲ್ಲ, ಬಲ್ಗೇರಿಯಾದ್ದು" ಅಂದರು. ಹೌದು ಅಂದಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ವಿಂಟರ್‌ಗ್ರೀನ್ ಕೇಳಿದೆ. "ಅಗ್ಗದ್ದು ಬೇಕಾ, ಗಿಡದ್ದು ಬೇಕಾ? ಅಗ್ಗದ್ದು ಬರೀ ಫ್ಯಾಕ್ಟರೀಲಿ ಮಾಡಿದ ಮೀಥೈಲ್ ಸ್ಯಾಲಿಸಿಲೇಟು, ಬಿಲ್ಲಲ್ಲೂ ಹಾಗೇ ಬರೀತೀನಿ" ಅಂದರು. ಹೋದ ವರ್ಷದ ರೇಟೇ ಈಗಲೂ ಇದೆಯಾ ಅಂದದ್ದಕ್ಕೆ ಇಲ್ಲ, ಏರಿದೆ, ಬೆಳೆ ಕಮ್ಮಿ ಅಂದರು. ವರ್ಷಪೂರ್ತಿ ಒಂದೇ ರೇಟು ಹೇಳುವ ಜಾಗ ನನಗೆ ಅನುಮಾನ. ಅಲ್ಲಿ ಬೆಲೆ ಸ್ಥಿರವಾಗಿದೆ ಅಂದರೆ ಬಾಟಲಿಯೊಳಗೆ ಏನೋ ಏರುಪೇರಾಗುತ್ತಿದೆ.

ಹಾಗಂತ ಮಾತು ಕೇಳಿಯೇ ದುಡ್ಡು ಹಾಕಲಿಲ್ಲ. ಮೊದಲು ಸಣ್ಣ ಮಾದರಿ ತರಿಸಿದೆ, ಪುಕ್ಕಟೆ ಅಲ್ಲ, ಬಿಲ್ ಹಾಕಿಸಿಕೊಂಡು. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇತ್ತು, ಅದೇ ನಂಬರ್ ರಿಪೋರ್ಟಿನಲ್ಲೂ ಬಾಟಲಿಯಲ್ಲೂ ಇತ್ತು. ತಕ್ಕಡಿ, ಕಾಗದ, ಮೂಗು ಎಲ್ಲ ಒಂದೇ ಮಾತು ಹೇಳಿದವು. ಲ್ಯಾವೆಂಡರನ್ನು ಹೊರಗಿನ ಪ್ರಯೋಗಾಲಯಕ್ಕೂ ಕೊಟ್ಟೆ. ಅವರ ರಿಪೋರ್ಟಿಗೂ ಇದಕ್ಕೂ ಅಂಕಿಗಳು ಸ್ವಲ್ಪ ಹಿಂದೆ ಮುಂದೆ ಇದ್ದವು, ಹಾಗೇ ಇರಬೇಕು. ಆಮೇಲೆ ದೊಡ್ಡ ಆರ್ಡರ್ ಬಂದಾಗ ಮತ್ತೆ ತೂಗಿ ನೋಡಿದೆ. ಮಾದರಿಗೆ ಒಂದು, ಮಾಲಿಗೆ ಒಂದು ಕಳಿಸುವವರು ಈ ಧಂದೆಯಲ್ಲಿ ಕಡಿಮೆಯಿಲ್ಲ.

ಶ್ರೀಗಂಧದ ಎಣ್ಣೆ ಮಾತ್ರ ಆ ಬೆಂಗಳೂರಿನವರಿಂದಲೂ ಕೊಳ್ಳುವುದಿಲ್ಲ. ಮೈಸೂರಿನಲ್ಲಿದ್ದುಕೊಂಡು ಬೇರೆ ಕಡೆ ಹೋಗುವ ಅಗತ್ಯವೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಮರ ಇಲ್ಲೇ ಉಳಿದಾಗ, ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಸರ್ಕಾರವೇ ಗಂಧದೆಣ್ಣೆ ತೆಗೆಯುವ ಕೆಲಸಕ್ಕೆ ಕೈಹಾಕಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರಯೋಗ ಮಾಡಿ ನೋಡಿ ಶುರು ಮಾಡಿದ್ದು. ಆ ಪರಂಪರೆ ಮೈಸೂರು ಸ್ಯಾಂಡಲ್ ಸೋಪು ಮಾಡುವ ಸರ್ಕಾರಿ ಕಂಪನಿ ಕೆಎಸ್‌ಡಿಎಲ್‌ನಲ್ಲಿ ಮುಂದುವರಿದಿದೆ, ಅವರ ಮಳಿಗೆಯಲ್ಲಿ ಸೀಲ್ ಮಾಡಿದ ಸಣ್ಣ ಬಾಟಲಿ ಸಿಗುತ್ತದೆ. ಬೆಲೆ ಕೇಳಿ ಉಸಿರು ಹಿಡಿದುಕೊಳ್ಳಬೇಕು, ಅದು ಬೇರೆ ಮಾತು. ಕೆಜಿಗೆ ಲಕ್ಷದ ಮೇಲೆ ಇರುವ ವಸ್ತು. ಮರದ ಚೇಗು ಬಲಿಯಲು ಹದಿನೈದು, ಇಪ್ಪತ್ತು ವರ್ಷ ಬೇಕು. ನೂರು ಕೆಜಿ ಚೇಗಿನಿಂದ ಬರುವ ಎಣ್ಣೆ ನಾಲ್ಕೈದು ಕೆಜಿ. ಐಎಸ್‌ಒ ಮಾನಕದ ಪ್ರಕಾರ ಆಲ್ಫಾ ಸ್ಯಾಂಟಲಾಲ್ 41ರಿಂದ 55, ಬೀಟಾ 16ರಿಂದ 24 ಶೇಕಡ ಇರಬೇಕು. ಕರ್ನಾಟಕದ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಆದಮೇಲೆ ರೈತರು ತಮ್ಮ ಜಮೀನಿನ ಗಂಧದ ಮರಕ್ಕೆ ತಾವೇ ಮಾಲೀಕರು, ಆದರೆ ಕಡಿಯಲು, ಸಾಗಿಸಲು ಇವತ್ತಿಗೂ ಅನುಮತಿ ಬೇಕು. ಆದ್ದರಿಂದ ‘ನಮ್ಮ ಊರಿನ ಗಂಧದೆಣ್ಣೆ, ಸೋವಿ’ ಅಂತ ಬಾಟಲಿ ಹಿಡಿದು ಬಂದವರನ್ನು ನಾನು ಕೇಳುವುದು ಮಾಲಿನ ಕಾಗದಪತ್ರ. ಎಣ್ಣೆ ಮೂಸುವ ತನಕ ಮಾತು ಹೋಗುವುದೇ ಇಲ್ಲ.

ಮನೆಗೆ ಬಂದ ಎಣ್ಣೆಯನ್ನು ಕಾಪಾಡಿಕೊಳ್ಳುವುದು ನಮ್ಮ ಕೈಲಿದೆ. ಕಂದು ಗಾಜಿನ ಬಾಟಲಿ, ಬಿಗಿ ಮುಚ್ಚಳ, ಕತ್ತಲೆ, ತಂಪು. ಅರ್ಧ ಖಾಲಿಯಾದರೆ ಚಿಕ್ಕ ಬಾಟಲಿಗೆ ಬಗ್ಗಿಸುತ್ತೇನೆ, ಒಳಗಿನ ಗಾಳಿಯೇ ಎಣ್ಣೆಯನ್ನು ಕೆಡಿಸುವುದು. ಕಿತ್ತಳೆ, ನಿಂಬೆ ಸಿಪ್ಪೆಯ ಎಣ್ಣೆ, ಟೀ ಟ್ರೀ ಇವು ಬೇಗ ಕೆಡುತ್ತವೆ. ಕೆಟ್ಟದ್ದು ಬರೀ ವಾಸನೆ ಬದಲಾಗುವುದಲ್ಲ, ಚರ್ಮಕ್ಕೆ ಅಲರ್ಜಿ ತರುತ್ತದೆ. ಬಾಟಲಿ ತೆರೆದ ತಾರೀಖನ್ನು ಮುಚ್ಚಳದ ಮೇಲೆ ಬರೆದಿಡುತ್ತೇನೆ. ಸೋಪಿನ ಪ್ರತಿ ಕಂತಿನ ಪುಸ್ತಕದಲ್ಲಿ ಎಣ್ಣೆಯ ಬ್ಯಾಚ್ ನಂಬರೂ ಇರುತ್ತದೆ. ಈಗ ಯಾರಾದರೂ ಡಾಕ್ಟರ ಚೀಟಿ ಹಿಡಿದು ಫೋನ್ ಮಾಡಿದರೆ ಅಲರ್ಜಿ ತರಬಹುದಾದ ಲಿನಲೂಲ್, ಸಿಟ್ರಾಲ್, ಯೂಜಿನಾಲ್ ಎಷ್ಟಿದೆ ಅಂತ ನೋಡಿ ಹೇಳಬಲ್ಲೆ.

ಹೋದ ವಾರ ದವನದ ಎಣ್ಣೆಗೆ ಬೆಂಗಳೂರಿನವರಿಗೆ ಫೋನ್ ಮಾಡಿದ್ದೆ. ನಮ್ಮಲ್ಲೂ ಬೆಳೆಯುವ ಗಿಡ, ಪೂಜೆಗೆ ಮಾರುವ ಅದೇ ದವನ. ಎಣ್ಣೆ ದುಬಾರಿ, ಯುಗಾದಿಯ ಸೋಪಿಗೆ ಒಂದು ಚೂರು ಹಾಕುತ್ತೇನೆ. "ಹಳೇ ಸ್ಟಾಕ್ ಮುಗೀತು ಮೇಡಂ. ಫೆಬ್ರವರಿ, ಮಾರ್ಚಲ್ಲಿ ಕೊಯ್ಲು. ಹೊಸ ಬ್ಯಾಚ್ ಬಂದು ಕೂತ ಮೇಲೆ ಕೊಡ್ತೀನಿ. ಬೇರೆಯವರ ಹತ್ರ ಸಿಗಬಹುದು, ಆದ್ರೆ ಅದು ನಾನು ನೋಡಿದ್ದಲ್ಲ" ಅಂದರು. ಯುಗಾದಿಯ ಪಟ್ಟಿಯಿಂದ ದವನದ ಸೋಪನ್ನು ತೆಗೆದು, ಈ ಸಲ ಅದು ತಡವಾಗಿ ಬರುತ್ತದೆ ಅಂತ ಗಿರಾಕಿಗಳ ಗುಂಪಿಗೆ ಮೆಸೇಜ್ ಹಾಕಿದ್ದೇನೆ.